ಶೀಲ್ಡ್ ಹಾಕುವ ಮುಂಚೆ ನಂಬರ್ ಹೇಳಬೇಕಾ?

ಗುಂಪು: ಹಾಸ್ಟೆಲ್ ಗ್ಯಾಂಗ್, ಭಾನುವಾರದ ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್, ದಾಳ ಉರುಳಿಸಿ ಪಾತ್ರಗಳಾಗಿ ಆಡುವ ಆಟ; ಆಟ ನಡೆಸಿ ಶತ್ರುಗಳನ್ನು ಆಡಿಸುವವನು ಪ್ರಸಾದ)

ಸೀನ: 📷 ಫೋಟೊ
2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್, ಶೀಲ್ಡ್ ಮಂತ್ರದ ಪುಟ. ಎಲ್ಲರೂ ಓದಿ. ಏಟು ತಗುಲಿದಾಗ ರಿಯಾಕ್ಷನ್ (ಸುತ್ತಿಗೊಂದೇ ಸಿಗುವ ದಿಢೀರ್ ಪ್ರತಿಕ್ರಿಯೆ) ಆಗಿ ಹಾಕಬಹುದು, ಎಸಿ (ಆರ್ಮರ್ ಕ್ಲಾಸ್, ಎದುರಾಳಿಯ ಒಟ್ಟು ಇದನ್ನು ಮುಟ್ಟಿದರೆ ಏಟು) 5 ಏರುತ್ತದೆ. ನಿನ್ನೆ ಪ್ರಸಾದ ನನ್ನ ಸ್ಲಾಟ್ (ಒಂದು ಮಂತ್ರ ಹಾಕುವ ಅವಕಾಶ) ನುಂಗಿ ಹಾಕಿದ.

ಪ್ರಸಾದ: ಬೆಳಿಗ್ಗೆ ಬೆಳಿಗ್ಗೆಯೇ ಶುರುನಾ? ಓರ್ಕ್ ರಾಕ್ಷಸ ಹೊಡೆದ, ತಗುಲಿತು ಅಂದೆ. ನೀನು ಶೀಲ್ಡ್ ಅಂದೆ. ಅವನದು ಒಟ್ಟು 22, ನಿನ್ನ ಎಸಿ 15 ಇದ್ದದ್ದು 20 ಆಯಿತು. ಆದರೂ ತಗುಲಿತು. ನನ್ನ ತಪ್ಪು ಎಲ್ಲಿ?

ಸೀನ: 22 ಅಂತ ಮೊದಲೇ ಹೇಳಿದ್ದರೆ ಹಾಕುತ್ತಲೇ ಇರಲಿಲ್ಲ ಕಣೋ! ಮೂರನೇ ಲೆವೆಲ್ ವಿಜರ್ಡ್‌ಗೆ ಇರುವುದೇ ನಾಲ್ಕು ಫಸ್ಟ್ ಲೆವೆಲ್ ಸ್ಲಾಟ್. ಅದರಲ್ಲಿ ಒಂದು ಮೇಜ್ ಆರ್ಮರ್ ಅನ್ನೋ ಕವಚದ ಮಂತ್ರಕ್ಕೆ ಹೋಗುತ್ತದೆ.

ಪ್ರಸಾದ: ನಂಬರ್ ಹೇಳಬೇಕು ಅಂತ ಆ ಪುಟದಲ್ಲಿ ಎಲ್ಲಿದೆ, ತೋರಿಸು.

ಸೀನ: ಹೇಳಬಾರದು ಅಂತಲೂ ಇಲ್ಲವಲ್ಲ!

ಲತಾ: ಇಬ್ಬರೂ ಸರಿ. ಅದೇ ಗೋಳು. ಲೆಕ್ಕ ಹಾಕಿದೆ ನೋಡಿ. ಓರ್ಕ್‌ನ ದಾಳಕ್ಕೆ +5 ಸೇರಿ ಒಟ್ಟು ಆಗುತ್ತದೆ. ಎಸಿ 15ಕ್ಕೆ 20 ಮುಖದ ದಾಳದಲ್ಲಿ 10ರಿಂದ 20 ಬಿದ್ದರೆ ಏಟು, ಅಂದರೆ 11 ಮುಖ. ಶೀಲ್ಡ್ ತಡೆಯುವುದು 10ರಿಂದ 14, ಬರೀ 5. ಉಳಿದ 6ಕ್ಕೆ ಸ್ಲಾಟೂ ಹೋಯಿತು, ಏಟೂ ಬಿತ್ತು.

ಸೀನ: ಕೇಳಿದೆಯಾ ಪ್ರಸಾದ? ಅರ್ಧಕ್ಕಿಂತ ಕಮ್ಮಿ!

ಪ್ರಸಾದ: ಪೂರ್ತಿ ಓದು ಮಹಾರಾಯ. ಆ 5 ನಿನ್ನ ಮುಂದಿನ ಸರದಿ ಶುರುವಾಗುವವರೆಗೂ ಇರುತ್ತದೆ. ಎರಡನೇ ಓರ್ಕ್‌ಗೆ ನಿನ್ನೆ ಒಟ್ಟು 17 ಬಂತು. ಶೀಲ್ಡ್ ಇಲ್ಲದಿದ್ದರೆ ಅದೂ ನಿನ್ನ ತಲೆ ಮೇಲೇ.

ಸೀನ: ...ಅದನ್ನು ಯಾಕೆ ಹೇಳಲಿಲ್ಲ?

ಪ್ರಸಾದ: ನಾನು ನಂಬರ್ ಹೇಳಲ್ಲ ಅಲ್ವಾ 😌

ರವಿ: ಈಗ ಎದ್ದೆ. 2024ರ ಪುಸ್ತಕದಲ್ಲೂ ಇದಕ್ಕೆ ಉತ್ತರ ಇಲ್ಲ. ಎದುರಾಳಿಯ ಮಂತ್ರ ಮುರಿಯುವ ಕೌಂಟರ್‌ಸ್ಪೆಲ್ ಮಾತ್ರ ಪೂರಾ ಬದಲಾಯಿಸಿದ್ದಾರೆ. ಮೊದಲು ಮೂರನೇ ಲೆವೆಲ್‌ವರೆಗಿನ ಮಂತ್ರ ತಾನಾಗಿಯೇ ಮುರಿಯುತ್ತಿತ್ತು. ಈಗ ಎದುರಾಳಿಗೆ ಕಾನ್‌ಸ್ಟಿಟ್ಯೂಷನ್ ಸೇವ್ (ದೇಹಬಲದ ಮೇಲೆ ದಾಳ ಹಾಕಿ ತಪ್ಪಿಸಿಕೊಳ್ಳುವ ಅವಕಾಶ) ಇದೆ. ಸೋತರೂ ಅವನ ಸ್ಲಾಟ್ ಉಳಿಯುತ್ತದೆ.

ಲತಾ: ಕೌಂಟರ್‌ಸ್ಪೆಲ್ ಅಂದಾಗ ನೆನಪಾಯಿತು. 2017ರ ಜಾನಥರ್ ಅನ್ನೋ ಹೆಚ್ಚುವರಿ ನಿಯಮಗಳ ಪುಸ್ತಕದಲ್ಲಿ, ಎದುರಾಳಿ ಯಾವ ಮಂತ್ರ ಹಾಕುತ್ತಿದ್ದಾನೆ ಅಂತ ಗುರುತಿಸೋಕೇ ರಿಯಾಕ್ಷನ್ ಬೇಕು. ಗುರುತಿಸಿದರೆ ತಡೆಯೋಕೆ ರಿಯಾಕ್ಷನ್ ಉಳಿಯಲ್ಲ. ಮಾಹಿತಿ ಬಿಟ್ಟಿ ಸಿಗಬಾರದು ಅನ್ನೋದೇ ಬರೆದವರ ಮನಸ್ಸು ಅನಿಸುತ್ತದೆ. ನನ್ನ ವೋಟು ಪ್ರಸಾದನಿಗೆ.

ಸೀನ: ಅದು ಬೇಕಾದರೆ ಇಟ್ಟುಕೊಳ್ಳಿ ಅನ್ನೋ ನಿಯಮ. ಶೀಲ್ಡ್‌ಗೂ ಅದಕ್ಕೂ ಏನು ಸಂಬಂಧ? ಕೊಡಲಿ ಯಾವ ರಭಸದಲ್ಲಿ ಬರುತ್ತಿದೆ ಅಂತ ನನ್ನ ಕಣ್ಣಿಗೆ ಕಾಣಲ್ವಾ?

ಗುಂಡ: ನನ್ನ ಬಾರ್ಬೇರಿಯನ್ ಯೋಧ ನಿನ್ನೆ ನಾಲ್ಕು ಏಟು ತಿಂದ. ನಾಲ್ಕೂ ಚೆನ್ನಾಗಿ ಕಂಡವು.

ರವಿ: 😂😂

ಪ್ರಸಾದ: ಸರಿ, ಜಗಳ ಬೇಡ. ಮುಂದಿನ ಭಾನುವಾರದಿಂದ ನನ್ನ ದಾಳ ಮರೆಮಾಡುವ ಪರದೆ ತೆಗೆಯುತ್ತೇನೆ. ದಾಳ ಎಲ್ಲರ ಮುಂದೆಯೇ. ನಂಬರ್ ನೀವೇ ನೋಡಿಕೊಳ್ಳಿ.

ಸೀನ: ಇದಪ್ಪಾ ನ್ಯಾಯ!

ಲತಾ: ಸೀನ, ಯೋಚನೆ ಮಾಡು. 20 ಬಿದ್ದರೂ ಎಲ್ಲರಿಗೂ ಕಾಣುತ್ತದೆ. ಅದಕ್ಕೆ ಶೀಲ್ಡ್ ಲೆಕ್ಕಕ್ಕೇ ಇಲ್ಲ, ಡ್ಯಾಮೇಜ್ ದಾಳವೂ ಡಬಲ್. ಪರದೆ ಹಿಂದೆ ಬಿದ್ದ 20 ಎಲ್ಲಾ ನಮಗೆ 20 ಅಂತಲೇ ಬಂದಿವೆಯಾ?

ಸೀನ: ಅಂದರೆ? ಪ್ರಸಾದ, ನೀನು ಮಧ್ಯೆ ಮಧ್ಯೆ ನನ್ನನ್ನು ಉಳಿಸುತ್ತಿದ್ದೆಯಾ?

ಪ್ರಸಾದ: ಪರದೆ ಬೇಕಾ ಬೇಡವಾ, ಅಷ್ಟು ಹೇಳು.

ಸೀನ: ಒಂದು ನಿಮಿಷ ಇರು.

ಗುಂಡ: ನನ್ನನ್ನು ಯಾಕೋ ಒಂದು ಸಲವೂ ಉಳಿಸಲಿಲ್ಲ?