ಪದಚರ್ಚೆ: ಹೆಂಗಸರ ಕೂದಲು ಉದುರುವುದಕ್ಕೆ 'ಬೋಳುತನ' ಅನ್ನಬೇಕಾ?

ಗೆಳೆಯರೇ,

ತೀರ್ಥಹಳ್ಳಿ ಕಡೆಯ ಸ್ತ್ರೀಶಕ್ತಿ ಸಂಘಗಳಿಗಾಗಿ ಕೂದಲು ಉದುರುವ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ವಿಷಯ ಚರ್ಮದ ಡಾಕ್ಟರು ಕೊಟ್ಟಿದ್ದಾರೆ. ನಾನು ಸಿಕ್ಕಿಕೊಂಡಿರುವುದು ಪದಗಳಲ್ಲಿ.

'ಫೀಮೇಲ್ ಪ್ಯಾಟರ್ನ್ ಹೇರ್ ಲಾಸ್' ಅನ್ನುವುದಕ್ಕೆ 'ಸ್ತ್ರೀ ಬೋಳುತನ' ಎಂದು ಬರೆದದ್ದನ್ನು ನೋಡಿದ್ದೇನೆ. ನನಗೆ ಸುತಾರಾಂ ಒಪ್ಪಿಗೆಯಿಲ್ಲ. 'ಬೋಳಿ' ನಮ್ಮಲ್ಲಿ ಬೈಗುಳ. ಗಂಡ ಸತ್ತವಳ ತಲೆ ಬೋಳಿಸುತ್ತಿದ್ದ ಕಾಲದ ಮಾತು ಅದು. ಗಂಡಸಿಗೆ 'ಬಕ್ಕತಲೆ' ಅಂದರೆ ನಕ್ಕು ಸುಮ್ಮನಾಗುತ್ತಾನೆ. ಹೆಂಗಸಿಗೆ 'ಬೋಳು' ಅಂದರೆ ಕರಪತ್ರ ಬಚ್ಚಲೊಲೆಗೆ ಹೋಗುತ್ತದೆ. ಅರ್ಥವೂ ಕೂಡಿಬರುವುದಿಲ್ಲ. ಈ ತೊಂದರೆಯಲ್ಲಿ ಹಣೆಯಂಚಿನ ಕೂದಲು ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ನೆತ್ತಿಯ ಮೇಲೆ ಎಳೆಗಳು ವರ್ಷದಿಂದ ವರ್ಷಕ್ಕೆ ಸಣ್ಣಗಾಗಿ ಬೈತಲೆ ಅಗಲವಾಗುತ್ತದೆ. 1977ರಲ್ಲಿ ಲುಡ್ವಿಗ್ ಎಂಬ ವೈದ್ಯರು ಮೂರು ಹಂತ ಮಾಡಿದ್ದೂ ನೆತ್ತಿಯ ಕೂದಲು ಎಷ್ಟು ತೆಳುವಾಗಿದೆ ಎಂದು ನೋಡಿಯೇ. 'ಬೈತಲೆ ಅಗಲ ಆಗಿದೆ', 'ಜಡೆ ಇಲಿಬಾಲ ಆಗಿದೆ' ಅಂತ ನಮ್ಮ ಹೆಂಗಸರು ಹೇಳುವುದೂ ಇದನ್ನೇ ಅಲ್ವಾ? ಹಾಗಂತ 'ಬೈತಲೆ ಅಗಲಿಕೆ' ಅಂತ ಮಾಡಿದರೆ ವಿರಹದ ಪದ್ಯವಾಗುತ್ತದೆ! ಸದ್ಯಕ್ಕೆ 'ಬೈತಲೆ ಅಗಲವಾಗುವುದು' ಅಂತ ಬರೆದಿಟ್ಟಿದ್ದೇನೆ.

'ಉದುರುವುದು' ಅನ್ನುವುದನ್ನು ಇನ್ನೊಂದಕ್ಕೆ ಮೀಸಲಿಡಬೇಕು ಅಂತ ನನ್ನ ಆಸೆ. ಟೈಫಾಯ್ಡ್, ಡೆಂಗಿ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಇಂಥದ್ದೇನಾದರೂ ಆಗಿ ಎರಡು ಮೂರು ತಿಂಗಳಿಗೆ ತಲೆಕೂದಲೆಲ್ಲ ಕಿತ್ತುಕೊಂಡು ಬರುತ್ತದಲ್ಲ, ಅದು. ದಿನಕ್ಕೆ 50ರಿಂದ 100 ಕೂದಲು ಯಾರಿಗಾದರೂ ಹೋಗುತ್ತದೆ. ಇಲ್ಲಿ ಬಾಚಣಿಗೆಯಲ್ಲಿ ಉಂಡೆ ಉಂಡೆ ಬರುತ್ತದೆ. ಮಗು ನಗಲು ಶುರು ಮಾಡಿದಾಗ ತಾಯಿಯ ಕೂದಲು ಉದುರುತ್ತೆ ಅನ್ನುತ್ತಾರೆ. ಕಾರಣ ನಗುವಲ್ಲ, ಆದರೆ ಲೆಕ್ಕ ಸರಿಯಾಗೇ ಇದೆ. ಮಗು ನಗುವುದೂ ಎರಡು ಮೂರನೇ ತಿಂಗಳಿಗೇ. ಬಾಣಂತಿಯ ಈ ಕೂದಲು ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಇದಕ್ಕೆ ನಿಮ್ಮ ಕಡೆ ಬೇರೆ ಹೆಸರಿದೆಯಾ?

ತಲೆನೋವಿನ ಪದ 'ಹುಳ ತಿಂದಿದೆ'. ರಾತ್ರೋರಾತ್ರಿ ನಾಣ್ಯದಷ್ಟು ಜಾಗ ನುಣ್ಣಗಾದರೆ ಎಲ್ಲರೂ ಹೀಗೇ ಹೇಳುವುದು. ಅಲ್ಲಿ ಹುಳ ಇಲ್ಲ. ನಮ್ಮ ಮೈಯ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡಕ್ಕೆ ಏಟು ಕೊಡುತ್ತಿರುತ್ತದೆ. ಹೆಸರಲ್ಲಿ ಹುಳ ಇದೆ ಅಂತ ಬೆಳ್ಳುಳ್ಳಿ ಉಜ್ಜಿ ಚರ್ಮ ಸುಟ್ಟುಕೊಳ್ಳುತ್ತಾರೆ, ಇಲ್ಲಾ ಹುಳಕಡ್ಡಿಯ ಮುಲಾಮು ಹಚ್ಚುತ್ತಾರೆ. ಹುಳಕಡ್ಡಿ ಶಿಲೀಂಧ್ರದ ಕಾಯಿಲೆ. ತಲೆಗೆ ಬಂದರೆ ಸಿಪ್ಪೆ ಏಳುತ್ತದೆ, ಕೂದಲು ಮೋಟಾಗಿ ಮುರಿಯುತ್ತದೆ, ಅದಕ್ಕೆ ಮಾತ್ರೆಯೇ ಬೇಕು. ಆಡುಮಾತು ಬಿಟ್ಟರೆ ಜನಕ್ಕೆ ತಿಳಿಯಲ್ಲ, ಇಟ್ಟುಕೊಂಡರೆ ದಾರಿ ತಪ್ಪಿಸುತ್ತದೆ. ಇದಕ್ಕಿರುವ ಸಂಸ್ಕೃತದ ಹೆಸರು 'ಇಂದ್ರಲುಪ್ತ' ಅಂತೂ ಬೇಡ, ಯಾರೂ ಓದುವುದಿಲ್ಲ.

ಕೂದಲು ಯಾಕೆ ಹೋಗುತ್ತಿದೆ ಎಂದು ನೋಡಲು ಮಾಡಿಸುವ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಎಲ್ಲರಿಗೂ ಗೊತ್ತು. 'ಫೆರಿಟಿನ್' ಕಷ್ಟ. ಹಿಮೋಗ್ಲೋಬಿನ್ ಸರಿಯಿದ್ದರೂ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಖಾಲಿಯಾಗಿರಬಹುದು, ಅದನ್ನು ತೋರಿಸುವ ಪರೀಕ್ಷೆ. 'ಕಬ್ಬಿಣದ ದಾಸ್ತಾನು' ಅಂತ ಹಾಕಿದ್ದೇನೆ. ಅಡಿಕೆ ಮಂಡಿಯ ಮಾತು ಅಂತ ನಗಬೇಡಿ, ನಮ್ಮೂರಲ್ಲಿ ತಕ್ಷಣ ಅರ್ಥವಾಗುತ್ತದೆ.

ಕೊನೆಯದು 'ಹಚ್ಚುವುದು'. ಬೈತಲೆ ಅಗಲವಾದವರಿಗೆ ಡಾಕ್ಟರು ಮಿನಾಕ್ಸಿಡಿಲ್ ಎಂಬ ಹಚ್ಚುವ ಔಷಧಿ ಬರೆಯುತ್ತಾರೆ. 'ತಲೆಗೆ ಹಚ್ಚಿ' ಅಂದರೆ ನಮ್ಮವರು ಎಣ್ಣೆಯ ಹಾಗೆ ಜಡೆಯ ತುದಿವರೆಗೂ ಸವರುತ್ತಾರೆ. ಅದು ಬೀಳಬೇಕಾದದ್ದು ಬುಡದ ಚರ್ಮಕ್ಕೆ. ಮೊದಲ ಕೆಲವು ವಾರ ಉದುರುವುದು ಜಾಸ್ತಿಯೂ ಆಗಬಹುದು. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಬಸುರಿಯರು, ಹಾಲೂಡಿಸುವವರು ಬಳಸಬಾರದು. ದಾಸವಾಳ, ಮತ್ತಿ ಸೊಪ್ಪಿನ ಗೊಂಪಿನಿಂದ ತಲೆ ತೊಳೆಯುವುದಕ್ಕೆ ಅಡ್ಡಿಯಿಲ್ಲ. ಅದು ಕೊಳೆ ತೆಗೆಯುತ್ತದೆ, ಕೂದಲು ಹುಟ್ಟಿಸುವುದಿಲ್ಲ.

ಬುಡಕ್ಕೆ ಮಾತ್ರ ಔಷಧಿ ಹಾಕುವುದಕ್ಕೆ ಒಂದೇ ಪದದ ಕ್ರಿಯಾಪದ ಇದೆಯಾ? ಸಾಗರ, ಸೊರಬ, ಹೊಸನಗರದವರು 'ಹುಳ ತಿಂದಿದೆ' ಅನ್ನುವುದಕ್ಕೆ ಬೇರೆ ಏನಾದರೂ ಹೇಳುತ್ತೀರಾ? ಮನೆಯ ಹಿರಿಯ ಹೆಂಗಸರನ್ನು ಕೇಳಿ ಬರೆಯಿರಿ. ನಿಘಂಟಿನ ಪದಗಳು ನನ್ನ ಹತ್ತಿರವೂ ಇವೆ.