ವರ್ಡ್‌ಪ್ರೆಸ್: ಲಾಗಿನ್ ಆಗದವರನ್ನು ಕೆಲವು ಪುಟಗಳಿಂದ ಮಾತ್ರ ರಿಡೈರೆಕ್ಟ್ ಮಾಡೋದು ಹೇಗೆ?

ಪ್ರಶ್ನೆ:
ನನ್ನ ವರ್ಡ್‌ಪ್ರೆಸ್ ಸೈಟಿನ 'ಸದಸ್ಯರು' ಪುಟದ ಐಡಿ 42, ಅದರಡಿ ಆರು ಉಪಪುಟಗಳಿವೆ. ಲಾಗಿನ್ ಆಗದವರು ಇವನ್ನು ತೆರೆದರೆ ಲಾಗಿನ್ ಪುಟಕ್ಕೆ ಹೋಗಬೇಕು (ರಿಡೈರೆಕ್ಟ್). ಲಾಗಿನ್ ಆದಮೇಲೆ ಸಬ್‌ಸ್ಕ್ರೈಬರ್‌ಗಳು 42ಕ್ಕೆ, ಎಡಿಟರ್‌ಗಳು ಡ್ಯಾಶ್‌ಬೋರ್ಡ್‌ಗೆ. ಇನಿಟ್ ಹುಕ್‌ನಲ್ಲಿ (ವರ್ಡ್‌ಪ್ರೆಸ್ ಓಡುವಾಗ ನಮ್ಮ ಕೋಡ್ ಸೇರಿಸುವ ಜಾಗ) 'ಇದು ಈ ಪುಟವೇ?' ಅಂತ ಕೇಳುವ ಈಸ್_ಪೇಜ್ ಹಾಕಿದ್ರೆ ಏನೂ ಆಗಲ್ಲ. ಆ ಷರತ್ತು ತೆಗೆದ್ರೆ 'ಟೂ ಮೆನಿ ರಿಡೈರೆಕ್ಟ್ಸ್' ಬರುತ್ತೆ.

ಉತ್ತರ 1:
ಇನಿಟ್ ಓಡುವಾಗ ಯಾವ ಪುಟ ಅನ್ನೋದೇ ವರ್ಡ್‌ಪ್ರೆಸ್‌ಗೆ ಗೊತ್ತಿರಲ್ಲ, ಪುಟ ಹುಡುಕುವ ಕ್ವೆರಿ ಆಮೇಲೆ ನಡೆಯೋದು. ಹಾಗಾಗಿ ಈಸ್_ಪೇಜ್ ಯಾವಾಗಲೂ ಫಾಲ್ಸ್. ಲಾಗಿನ್ ಪುಟದಲ್ಲೂ ಇನಿಟ್ ಓಡುತ್ತೆ. ಷರತ್ತಿಲ್ಲದಿದ್ರೆ ಅದು ತನ್ನನ್ನೇ ತನಗೆ ಕಳಿಸುತ್ತೆ, ಲೂಪ್ ಅಲ್ಲೇ.

ಟೆಂಪ್ಲೇಟ್_ರಿಡೈರೆಕ್ಟ್ ಹುಕ್ ಬಳಸಿ. ಉಪಪುಟಗಳು ಈಸ್_ಪೇಜ್(42)ಗೆ ಸಿಗಲ್ಲ, ಗೆಟ್_ಪೋಸ್ಟ್_ಆನ್ಸೆಸ್ಟರ್ಸ್ ಕೊಡುವ ಮೇಲಿನ ಪುಟಗಳ ಪಟ್ಟಿಯಲ್ಲಿ 42 ಇದೆಯಾ ಅಂತಲೂ ನೋಡಿ. ಈಸ್_ಯೂಸರ್_ಲಾಗ್ಡ್_ಇನ್ ಫಾಲ್ಸ್ ಆದ್ರೆ ಡಬ್ಲ್ಯೂಪಿ_ಸೇಫ್_ರಿಡೈರೆಕ್ಟ್, ಮರುಸಾಲಿನಲ್ಲೇ ಎಕ್ಸಿಟ್. ಎಕ್ಸಿಟ್ ಮರೆತರೆ ಬ್ರೌಸರ್ ಮುಂದೆ ಹೋದಂತೆ ಕಂಡರೂ ಸರ್ವರ್ ಇಡೀ ಪುಟ ಕಳಿಸಿಬಿಡುತ್ತೆ. ಕರ್ಲ್‌ನಲ್ಲಿ (ಬ್ರೌಸರ್ ಇಲ್ಲದೆ ಪುಟ ತರಿಸುವ ಕಮಾಂಡ್) ಯಾರು ಬೇಕಾದ್ರೂ ಓದಬಹುದು.

ಉತ್ತರ 2:
ಎರಡನೇ ಭಾಗಕ್ಕೆ, ಅಂದ್ರೆ ಲಾಗಿನ್ ಆದಮೇಲೆ ಎಲ್ಲಿಗೆ ಅನ್ನೋದಕ್ಕೆ, ಲಾಗಿನ್_ರಿಡೈರೆಕ್ಟ್ ಫಿಲ್ಟರ್. ಆಡ್_ಫಿಲ್ಟರ್ ಕೊನೆಗೆ 10, 3 (ಆದ್ಯತೆ, ಆರ್ಗ್ಯುಮೆಂಟ್‌ಗಳ ಸಂಖ್ಯೆ) ಹಾಕದಿದ್ರೆ ಯೂಸರ್ ಆಬ್ಜೆಕ್ಟ್ ನಿಮ್ಮ ಫಂಕ್ಷನ್‌ಗೆ ತಲುಪಲ್ಲ. ಪಾಸ್‌ವರ್ಡ್ ತಪ್ಪಿದಾಗ ಮೂರನೇ ಆರ್ಗ್ಯುಮೆಂಟ್ ಎರರ್ ಆಬ್ಜೆಕ್ಟ್ ಆಗಿರುತ್ತೆ, ಮೊದಲು ಅದನ್ನು ಪರೀಕ್ಷಿಸಿ. ಕರೆಂಟ್_ಯೂಸರ್_ಕ್ಯಾನ್ ಇಲ್ಲಿ ನಂಬಬೇಡಿ, ಕರೆಂಟ್ ಯೂಸರ್ ಇನ್ನೂ ಸೆಟ್ ಆಗಿಲ್ಲದಿರಬಹುದು. ಕೈಗೆ ಬಂದ ಯೂಸರ್ ಆಬ್ಜೆಕ್ಟನ್ನೇ ಯೂಸರ್_ಕ್ಯಾನ್‌ಗೆ ಕೊಟ್ಟು 'ಎಡಿಟ್_ಪೋಸ್ಟ್ಸ್' ಅನುಮತಿ ಇದೆಯಾ ಕೇಳಿ; ಇದ್ದರೆ ಡ್ಯಾಶ್‌ಬೋರ್ಡ್, ಇಲ್ಲದಿದ್ರೆ 42. ಅಂಗಡಿ ಪ್ಲಗಿನ್ ವೂಕಾಮರ್ಸ್‌ನ ಲಾಗಿನ್ ಫಾರಂ ಆದ್ರೆ ಫಿಲ್ಟರ್ ಬೇರೆ: ವೂಕಾಮರ್ಸ್_ಲಾಗಿನ್_ರಿಡೈರೆಕ್ಟ್.

ಕೋಡ್‌ನ್ನು ಥೀಮ್‌ನ ಫಂಕ್ಷನ್ಸ್ ಫೈಲಿಗೆ ಹಾಕಿದ್ರೆ ಥೀಮ್‌ನ ಮುಂದಿನ ಅಪ್‌ಡೇಟ್‌ಗೆ ಅದು ಮಾಯ. ಚೈಲ್ಡ್ ಥೀಮ್ ಅಥವಾ ಚಿಕ್ಕ ಪ್ಲಗಿನ್ ಮಾಡಿ.

ಪ್ರಶ್ನೆ ಕೇಳಿದವರು:
ಕೆಲಸ ಮಾಡ್ತಿದೆ. ಆದ್ರೆ ಎಸ್‌ಇಒಗೆ (ಸರ್ಚ್ ಫಲಿತಾಂಶಕ್ಕೆ) ಅಂತ ರಿಡೈರೆಕ್ಟ್ ಕೋಡ್ 301 ಹಾಕಿದ್ದೆ. ಈಗ ಲಾಗಿನ್ ಆದವರನ್ನೂ ಮತ್ತೆ ಲಾಗಿನ್ ಪುಟಕ್ಕೇ ಕಳಿಸ್ತಿದೆ.

ಉತ್ತರ 1:
301 ಅಂದ್ರೆ ಶಾಶ್ವತ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಸರ್ವರ್‌ನ್ನು ಕೇಳೋದೇ ಇಲ್ಲ. ಷರತ್ತಿನ ರಿಡೈರೆಕ್ಟ್‌ಗೆ 302 (ತಾತ್ಕಾಲಿಕ) ಮಾತ್ರ. ಅದೇ ಡಿಫಾಲ್ಟ್, ನೀವೇನೂ ಬರೆಯಬೇಕಿಲ್ಲ. ರಿಡೈರೆಕ್ಟ್ ಸಾಲಿನ ಮುಂಚೆ, ಪುಟ ಉಳಿಸಿಟ್ಟುಕೊಳ್ಳಬೇಡ ಅಂತ ಬ್ರೌಸರ್‌ಗೆ ಹೇಳುವ ನೋಕ್ಯಾಶ್_ಹೆಡರ್ಸ್ ಕರೆಯಿರಿ, ಪೇಜ್ ಕ್ಯಾಶ್ ಪ್ಲಗಿನ್‌ನಲ್ಲಿ 42ನ್ನೂ ಉಪಪುಟಗಳನ್ನೂ ಹೊರಗಿಡಿ. ಈಗಾಗಲೇ ಸಿಕ್ಕಿಕೊಂಡವರು ಬ್ರೌಸರ್ ಕ್ಯಾಶ್ ಖಾಲಿ ಮಾಡಬೇಕಾಗುತ್ತೆ. ಪರೀಕ್ಷೆ ಪ್ರೈವೇಟ್ ವಿಂಡೋದಲ್ಲಿ ಮಾಡಿ.