ಹಳೆಯ ಮನೆಯ ಗೈಡೆಡ್ ಟೂರ್: ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಏನೇನು ನೋಡಿಕೊಳ್ಳಬೇಕು?

ಕೇಳಿದ್ದು: ಮ್ಯೂಸಿಯಂ ಆಗಿರುವ ಹಳೆಯ ಮನೆಯೊಂದನ್ನು ನೋಡಲು ಏಳು ಜನ ಹೊರಟಿದ್ದೇವೆ. ಗೈಡ್ ಜೊತೆಯಲ್ಲೇ ಹೋಗಬೇಕು, ಒಂದು ಗಂಟೆಯ ಟೂರ್. ಮಂಡಿನೋವಿರುವ ಅತ್ತೆ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ ಜೊತೆಗಿರುತ್ತಾರೆ. ಬುಕ್ ಮಾಡುವ ಮೊದಲು ಏನು ವಿಚಾರಿಸಬೇಕು? ಒಳಗೆ ಎಲ್ಲಿ ತೊಂದರೆಯಾಗುತ್ತದೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: "ಹಿರಿಯರಿಗೆ ಅನುಕೂಲವಿದೆ" ಎಂಬ ಸಾಲು ಓದಿ ಟಿಕೆಟ್ ತೆಗೆಯಬೇಡಿ. ಎಷ್ಟೋ ಕಡೆ ಆ ಮಾತು ನೆಲಮಹಡಿಗೆ ಮಾತ್ರ. ಫೋನ್ ಮಾಡಿ ಬಿಡಿಸಿ ಕೇಳಿ: ಒಟ್ಟು ಎಷ್ಟು ಮೆಟ್ಟಿಲು? ರೇಲಿಂಗ್ ಯಾವ ಬದಿಗೆ? ಹತ್ತಿದ ಮೆಟ್ಟಿಲಲ್ಲೇ ಇಳಿಯುವುದೋ, ಬೇರೆಯದರಲ್ಲೋ? ಟಾಯ್ಲೆಟ್ ಎಲ್ಲಿ? ನಡುವೆ ಹೊರಬರಬೇಕಾದರೆ ಏನು ವ್ಯವಸ್ಥೆ? ಈ ಕೊನೆಯದನ್ನು ಬಿಡಲೇಬೇಡಿ. ಗೈಡ್ ಇಲ್ಲದೆ ಯಾರನ್ನೂ ಕೋಣೆಗಳಲ್ಲಿ ಓಡಾಡಲು ಬಿಡುವುದಿಲ್ಲ. ಹಾಗಾಗಿ ಮಗು ಅತ್ತರೆ ಇನ್ನೊಬ್ಬ ಸಿಬ್ಬಂದಿ ಬಂದು ಹೊರಗೆ ಬಿಡಬೇಕು, ಅಲ್ಲಿಯವರೆಗೆ ಇಡೀ ಗುಂಪು ನಿಂತಿರಬೇಕು.

ವಯಸ್ಸಿನ ಮಿತಿಯನ್ನೂ ಕೇಳಿ. ಅಮೆರಿಕದ ಫಾಲಿಂಗ್‌ವಾಟರ್ ಮನೆಯ ಗೈಡೆಡ್ ಟೂರ್‌ಗೆ ಆರು ವರ್ಷದೊಳಗಿನ ಮಕ್ಕಳನ್ನು ಸೇರಿಸುವುದಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡೈರಿ ಬರೆದ ಯಹೂದಿ ಬಾಲಕಿ ಆನ್ ಫ್ರಾಂಕ್ ಅಡಗಿದ್ದ ಮನೆಗೆ ಆನ್‌ಲೈನ್‌ನಲ್ಲಿ ಸಮಯ ಗೊತ್ತುಮಾಡಿಕೊಂಡೇ ಹೋಗಬೇಕು, ಬಾಗಿಲಲ್ಲಿ ಟಿಕೆಟ್ ಸಿಗುವುದಿಲ್ಲ.

ಅರ್ಧ ಗಂಟೆ ಮೊದಲೇ ತಲುಪಿ. ಬ್ಯಾಗ್ ಲಾಕರ್‌ಗೆ ಹಾಕಬೇಕು, ಎಲ್ಲರೂ ಟಾಯ್ಲೆಟ್‌ಗೆ ಹೋಗಿ ಬರಬೇಕು, ನೀರು ಕುಡಿಯಬೇಕು. ತಡವಾದವರನ್ನು ಸೇರಿಸಿಕೊಳ್ಳದಿರುವುದು ಹಟದಿಂದಲ್ಲ. ಒಂದು ಗುಂಪು ಕೋಣೆ ಬಿಟ್ಟ ಹಾಗೆ ಹಿಂದಿನ ಗುಂಪು ಒಳಗೆ ಬರುತ್ತಿರುತ್ತದೆ, ಒಬ್ಬರಿಗಾಗಿ ಕಾದರೆ ಹಿಂದಿನವರೆಲ್ಲ ಸಿಕ್ಕಿಕೊಳ್ಳುತ್ತಾರೆ.

ಉತ್ತರ 2: ಮಂಡಿನೋವಿನವರ ವಿಷಯ ಹೇಳುತ್ತೇನೆ. ಹತ್ತುವುದಕ್ಕಿಂತ ಇಳಿಯುವುದೇ ಅವರಿಗೆ ಕಷ್ಟ. ಆದರೆ ಹಲವು ಮನೆಗಳಲ್ಲಿ ಹತ್ತಿಸುವುದು ಅಗಲವಾದ ಮುಖ್ಯ ಮೆಟ್ಟಿಲಲ್ಲಿ, ಇಳಿಸುವುದು ಹಿಂದೆ ಕೆಲಸದವರು ಬಳಸುತ್ತಿದ್ದ ಇಕ್ಕಟ್ಟಿನ ಮೆಟ್ಟಿಲಲ್ಲಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಅವರ ಮಾಂಟಿಚೆಲ್ಲೊ ಮನೆಯ ಮೇಲಂತಸ್ತಿಗೆ ಹೋಗುವ ಮೆಟ್ಟಿಲು ಸುಮಾರು 24 ಇಂಚು ಅಗಲವಷ್ಟೇ, ತುಂಬಾ ಕಡಿದು ಕೂಡ. ಹಳೆಯ ಮೆಟ್ಟಿಲುಗಳ ಎತ್ತರ ಒಂದೇ ಸಮ ಇರುವುದಿಲ್ಲ, ಎಡವುವುದು ಅಲ್ಲೇ. ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು. ಸುರುಳಿ ಮೆಟ್ಟಿಲಲ್ಲಿ ಹೊರಬದಿಗೇ ನಡೆಯಲಿ, ಪಾದ ಪೂರ್ತಿ ಊರುವಷ್ಟು ಜಾಗ ಇರುವುದು ಅಲ್ಲಿ ಮಾತ್ರ. ಇಳಿಯುವಾಗ ಗಟ್ಟಿಮುಟ್ಟಾದ ಒಬ್ಬರು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಇರಬೇಕು.

ನಿಧಾನ ನಡೆಯುವವರು ಗುಂಪಿನ ಕೊನೆಯಲ್ಲಿ ಬರುವುದು ವಾಡಿಕೆ. ಅದು ಸರಿಯಲ್ಲ. ಕೊನೆಯವರು ಕೋಣೆಗೆ ಬರುವಷ್ಟರಲ್ಲಿ ಗೈಡ್ ಅರ್ಧ ಹೇಳಿ ಮುಗಿಸಿರುತ್ತಾರೆ. ಅತ್ತೆಯವರು ಪ್ರತಿ ಸಲವೂ ಗೈಡ್ ಹಿಂದೆಯೇ ಹೊರಡಲಿ, ದಾರಿಯಲ್ಲಿ ನಾಲ್ಕು ಜನ ಮುಂದೆ ಹೋದರೂ ಹೊತ್ತಿಗೆ ತಲುಪುತ್ತಾರೆ.

ಒಳಗಿನ ಕುರ್ಚಿ, ಕಿಟಕಿಯ ಕಟ್ಟೆ ಯಾವುದೂ ಕೂರುವುದಕ್ಕಲ್ಲ. ಮಡಚುವ ಸ್ಟೂಲ್ ಕೊಡುತ್ತಾರೆಯೇ ಎಂದು ಬುಕಿಂಗ್ ಸಮಯದಲ್ಲೇ ಕೇಳಿ. ಹೊರಗೆ ಕಾಣುವ ಹಾಗೆ ಇಟ್ಟಿರದಿದ್ದರೂ ಕೇಳಿದರೆ ಒಳಗಿನಿಂದ ತಂದುಕೊಡುವುದುಂಟು. ವೀಲ್‌ಚೇರ್ ಒಯ್ಯುವವರು ಅದರ ಹೊರ ಅಗಲ ಅಳೆದುಕೊಂಡು, ಅತಿ ಇಕ್ಕಟ್ಟಾದ ಬಾಗಿಲ ಅಳತೆ ಕೇಳಬೇಕು. ಸಾಮಾನ್ಯ ವೀಲ್‌ಚೇರ್‌ಗಳು 60ರಿಂದ 65 ಸೆಂಟಿಮೀಟರ್ ಅಗಲ ಇರುತ್ತವೆ. ಬ್ಯಾಟರಿಯದ್ದಾದರೆ ತೂಕವನ್ನೂ ಹೇಳಿ, ಹಳೆಯ ಮರದ ನೆಲಕ್ಕೆ ಅದು ಭಾರವಾಗಬಹುದು.

ಉತ್ತರ 3: ನಿಯಮಗಳ ಹಿಂದಿನ ಕಾರಣ ಗೊತ್ತಿದ್ದರೆ ಮಕ್ಕಳಿಗೆ ಹೇಳುವುದು ಸುಲಭ.

ಕೋಣೆಗಳು ಕತ್ತಲೆಯಾಗಿರುವುದು ಬಟ್ಟೆ, ಕಾಗದ, ಜಲವರ್ಣ ಚಿತ್ರಗಳನ್ನು ಉಳಿಸಲು. ಇಂಥವಕ್ಕೆ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕನ್ನು ಅಳೆಯುವ ಮಾನ) ಬೆಳಕು ಸಾಕು ಎಂಬುದು ಸಂರಕ್ಷಣೆಯ ಲೆಕ್ಕ. ತೈಲಚಿತ್ರಕ್ಕೆ 200ರವರೆಗೆ ನಡೆಯುತ್ತದೆ. ಬೆಳಕಿನಿಂದ ಆದ ಹಾನಿ ಸೇರುತ್ತಾ ಹೋಗುತ್ತದೆ, ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಬಿಸಿಲಿನಿಂದ ಒಳಗೆ ಕಾಲಿಟ್ಟವರ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು. ಎತ್ತರದ ಹೊಸ್ತಿಲು ಕಾಲಿಗೆ ತಗಲುವುದು ಆ ಹೊತ್ತಿನಲ್ಲೇ, ಹಾಗಾಗಿ ಮೊದಲ ಕೋಣೆಯಲ್ಲಿ ಅತ್ತೆಯ ಕೈ ಹಿಡಿದುಕೊಳ್ಳಿ. ವಿದ್ಯುತ್ ದೀಪವೇ ಇಲ್ಲದ ಮನೆಯಾದರೆ ಮಧ್ಯಾಹ್ನದ ಟೂರ್ ತೆಗೆದುಕೊಳ್ಳಿ, ಸಂಜೆ ಏನೂ ಕಾಣುವುದಿಲ್ಲ.

ಮುಟ್ಟಬಾರದು ಎನ್ನುವುದು ಕೈಯ ಬೆವರಿನ ಉಪ್ಪು, ಎಣ್ಣೆಯ ಕಾರಣಕ್ಕೆ. ಹಿತ್ತಾಳೆ ಕಪ್ಪಾಗುತ್ತದೆ, ಚಿನ್ನದ ಲೇಪ ಸವೆಯುತ್ತದೆ, ಅಮೃತಶಿಲೆಯಲ್ಲಿ ಕಲೆ ಇಳಿಯುತ್ತದೆ. ತಿಂಡಿ ಬೇಡ ಎನ್ನುವುದು ಉದುರಿದ ಚೂರಿಗೆ ಹುಳ, ಇಲಿ ಬರುತ್ತವೆಂದು. ಒಮ್ಮೆ ಬಂದವು ಉಣ್ಣೆ, ರೇಷ್ಮೆ, ಪುಸ್ತಕ ಯಾವುದನ್ನೂ ಬಿಡುವುದಿಲ್ಲ. ಸಕ್ಕರೆ ಕಾಯಿಲೆಯವರು ಗೈಡ್‌ಗೆ ಮೊದಲೇ ತಿಳಿಸಿದರೆ ಹೊರಗೆ ಬಂದು ತಿನ್ನಲು ವ್ಯವಸ್ಥೆ ಮಾಡುತ್ತಾರೆ. ಚೂಪು ಹಿಮ್ಮಡಿಯ ಚಪ್ಪಲಿ ಬೇಡವೇ ಬೇಡ: ಇಡೀ ಮೈಭಾರ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಬಿದ್ದು ಮರದ ನೆಲದಲ್ಲಿ ಗುಂಡಿ ಮೂಡುತ್ತದೆ. ಬೆನ್ನಿನ ಬ್ಯಾಗ್ ಅಪಾಯಕಾರಿ, ಏಕೆಂದರೆ ತಿರುಗಿದಾಗ ಅದು ಏನಕ್ಕೆ ಬಡಿಯಿತು ಎಂಬುದು ಹೊತ್ತವರಿಗೆ ಕಾಣುವುದಿಲ್ಲ. ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವುದೂ ಹಾಗೆಯೇ, ಮುಂದಕ್ಕೆ ಕಟ್ಟಿಕೊಳ್ಳಿ.

ಉತ್ತರ 4: ನಾಲ್ಕು ವರ್ಷದ ಮಗುವಿಗೆ ಒಂದು ಗಂಟೆಯ ಟೂರ್ ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ. ಎರಡು ಗಂಟೆ ಅಂತರದಲ್ಲಿ ಎರಡು ಸಮಯಕ್ಕೆ ಬುಕ್ ಮಾಡಿ. ಮೂವರು ಒಳಗೆ ಹೋದಾಗ ಉಳಿದವರು ಮಗುವಿನ ಜೊತೆ ತೋಟ, ಲಾಯ, ಬಾವಿ ನೋಡಲಿ, ಆಮೇಲೆ ಅದಲುಬದಲು. ಗುಂಪಿನಲ್ಲಿ ಹನ್ನೆರಡು ಜನ ಇದ್ದರೆ ಅದರಲ್ಲಿ ಏಳು ಜನ ಒಂದೇ ಮನೆಯವರಾಗುವುದು ಬೇರೆಯವರಿಗೂ ಕಿರಿಕಿರಿ.

ಒಂಬತ್ತು ವರ್ಷದವಳಿಗೆ ಇಸವಿಗಳ ಪಟ್ಟಿ ಬೇಸರ ತರಿಸುತ್ತದೆ. ಹುಡುಕುವ ಕೆಲಸ ಕೊಡಿ: ಈ ಮನೆಗೆ ನೀರು ಎಲ್ಲಿಂದ ಬರುತ್ತಿತ್ತು, ಹೊಗೆ ಎಲ್ಲಿ ಹೋಗುತ್ತಿತ್ತು, ರಾತ್ರಿ ದೀಪ ಎಲ್ಲಿಡುತ್ತಿದ್ದರು, ಕೆಲಸದವರು ಎಲ್ಲಿ ಮಲಗುತ್ತಿದ್ದರು? ಗೋಡೆ ಎಷ್ಟು ದಪ್ಪ ಎಂದು ಕಿಟಕಿಯ ಬಳಿ ಕಣ್ಣಳತೆಯಲ್ಲಿ ಅಂದಾಜು ಮಾಡಲಿ. ಹಗ್ಗ ಕಟ್ಟಿದ ಕಡೆ ಮಕ್ಕಳನ್ನು ಮುಂದೆ ನಿಲ್ಲಿಸಿ, ಒಬ್ಬ ದೊಡ್ಡವರು ಹಿಂದೆಯೇ ಇರಿ.

ದೊಡ್ಡವರು ಗೈಡ್ ಹತ್ತಿರ ಪ್ರತಿ ಕೋಣೆಯಲ್ಲಿ ಇದೊಂದು ಕೇಳಿ: ಇಲ್ಲಿರುವುದರಲ್ಲಿ ಈ ಮನೆಯದೇ ವಸ್ತು ಯಾವುದು, ಅದೇ ಕಾಲದ್ದೆಂದು ಬೇರೆ ಕಡೆಯಿಂದ ತಂದದ್ದು ಯಾವುದು, ಹೊಸದಾಗಿ ಮಾಡಿಸಿದ್ದು ಯಾವುದು? ಒಳ್ಳೆಯ ಗೈಡ್‌ಗಳು ಈ ಪ್ರಶ್ನೆಗೆ ಕಾಯುತ್ತಿರುತ್ತಾರೆ. ಮನೆಯ ನಿಜವಾದ ಚರಿತ್ರೆ ಬಿಚ್ಚಿಕೊಳ್ಳುವುದು ಅಲ್ಲಿಂದ.

ಕೇಳಿದವರು: ತುಂಬಾ ಉಪಕಾರವಾಯಿತು. ಎರಡು ಸಮಯಕ್ಕೇ ಬುಕ್ ಮಾಡುತ್ತೇವೆ. ಗೈಡ್ ಮಾತಾಡುವ ಭಾಷೆ ಅತ್ತೆಗೆ ಬರುವುದಿಲ್ಲ, ಕಿವಿಯೂ ಸ್ವಲ್ಪ ಮಂದ. ಪಕ್ಕದಲ್ಲಿ ನಿಂತು ಅನುವಾದ ಮಾಡಬಹುದೇ?

ಉತ್ತರ 1: ಗೈಡ್ ಮಾತಾಡುವಾಗ ಬೇಡ. ಕಿವಿ ಮಂದ ಇರುವವರಿಗೆ ಪಿಸುಮಾತು ಕೇಳುವುದಿಲ್ಲ, ಜೋರಾಗಿ ಹೇಳಿದರೆ ಉಳಿದವರಿಗೆ ಗೈಡ್ ಮಾತು ಕೇಳುವುದಿಲ್ಲ. ಕೋಣೆವಾರು ವಿವರದ ಹಾಳೆ ಇದೆಯೇ ಎಂದು ವಿಚಾರಿಸಿ ಮೊದಲೇ ತರಿಸಿಕೊಳ್ಳಿ, ಹಿಂದಿನ ರಾತ್ರಿ ಅತ್ತೆಗೆ ಓದಿ ಹೇಳಿ. ಅಲ್ಲಿ ಮುಖ್ಯ ವಸ್ತುವನ್ನು ತೋರಿಸಿದರೆ ಸಾಕು, ಅವರಿಗೆ ಗೊತ್ತಾಗುತ್ತದೆ. ಹೊಸದೇನಾದರೂ ಹೇಳಿದರೆ ಮುಂದಿನ ಕೋಣೆಗೆ ನಡೆಯುವಾಗ ಎರಡು ವಾಕ್ಯದಲ್ಲಿ ಹೇಳಿ. ಕೆಲವು ಕಡೆ ಹಾಳೆಯನ್ನು ಬಾಗಿಲಲ್ಲೇ ಕೊಟ್ಟು ವಾಪಸ್ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಇಮೇಲ್‌ನಲ್ಲೇ ಕೇಳಿ.